ಬಿಳಿ ಕಲ್ಲಿನ ಕಾಲುದಾರಿ

8 ಜುಲೈ 1962, ಭಾನುವಾರ. ಮಧ್ಯಾಹ್ನ 2 ಗಂಟೆ

ಬಂಡೆಯ ತಿರುವಿನಲ್ಲಿ ದಾರಿಯ ಅಗಲ 41 ಇಂಚು. ಮೇ ತಿಂಗಳಲ್ಲಿ 19 ಇತ್ತು. ತಪ್ಪಿರಬೇಕೆಂದು ಟೇಪು ಮತ್ತೆ ಹಿಡಿದೆ. ತಪ್ಪಿಲ್ಲ.

ಮಳೆ ಬಂದರೆ ದಾರಿಯ ನಡುವೆ ನೀರು ನಿಲ್ಲುತ್ತದೆ. ಕೆಸರು ಬೇಡವೆಂದು ಜನ ಪಕ್ಕಕ್ಕೆ ಕಾಲಿಡುತ್ತಾರೆ. ಆ ಪಕ್ಕವೂ ಕೆಸರಾದರೆ ಅದರ ಪಕ್ಕಕ್ಕೆ. ಒಬ್ಬೊಬ್ಬರು ಒಂದೊಂದು ಹೆಜ್ಜೆ ಆಚೆ ಹಾಕಿದರೂ ಸಾಕು, ಇನ್ನೆರಡು ಮಳೆಗಾಲಕ್ಕೆ ಸುತ್ತಲಿನ ಕಿರುಕಾಡೆಲ್ಲ ದಾರಿಯೇ ಆಗುತ್ತದೆ. ಯಾರಿಗೆ ಹೇಳುವುದು? ಹಳ್ಳಿಯವರಿಗೆ ಅದು ಬನ್ನೇರುಘಟ್ಟ ರೋಡಿಗೆ ಹೋಗುವ ಅಡ್ಡದಾರಿ, ಅಷ್ಟೆ.

ತಿರುವಿನಿಂದ ಎಡಕ್ಕೆ ಹನ್ನೆರಡು ಹೆಜ್ಜೆ ಹೋದರೆ ನನ್ನ ಗಿಡಗಳು. ಒಂದು ಸೀರೆ ಹಾಸಿದರೆ ಮುಚ್ಚಿಹೋಗುವಷ್ಟು ಗರಸು ನೆಲ, ಬಂಡೆಯಿಂದ ಒಸರುವ ನೀರು. ಅಲ್ಲಿ ಡ್ರಾಸೆರಾ. ಹುಳ ಹಿಡಿದು ತಿನ್ನುವ ಗಿಡ ಎಂದರೆ ನನ್ನ ಕಾಲೇಜಿನ ಹುಡುಗಿಯರು ದೊಡ್ಡ ಬಾಯಿಯದೇನೋ ಇರಬೇಕೆಂದು ಹೆದರುತ್ತಾರೆ. ಇದು ನಾಲ್ಕಾಣೆ ನಾಣ್ಯದಷ್ಟು. ಕೆಂಪಗೆ ನೆಲಕ್ಕಂಟಿಕೊಂಡು, ಎಲೆಯ ತುಂಬ ಅಂಟುಹನಿ. ಬಗ್ಗಿದವರಿಗೆ ಮಾತ್ರ ಕಾಣುತ್ತದೆ. ಒಂದು ವರ್ಷ ಬಾಳುವ ಗಿಡ. ನವೆಂಬರಿನಲ್ಲಿ ಬೀಜ ಉದುರುವವರೆಗೆ ಉಳಿಯಬೇಕು. ಅದಕ್ಕೆ ಮೊದಲೇ ತುಳಿದರೆ ಮುಂದಿನ ವರ್ಷ ಇಲ್ಲ. 1958ರಿಂದ ಎಣಿಸುತ್ತಿದ್ದೇನೆ. ಇವತ್ತು 212. ಪ್ರಿನ್ಸಿಪಾಲ್ ಮೀನಾಕ್ಷಮ್ಮನವರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹೇಳಿದರೆ ನೋಡಲು ಬರುತ್ತಾರೆ, ನೋಡಲು ಬಂದವರೂ ಕಾಲಿನ ಮೇಲೆಯೇ ಬರುತ್ತಾರಲ್ಲ.

ಡೈರಿಯ ಪುಟಗಳ ನಡುವೆ ಇಟ್ಟಿದ್ದ ಕೂದಲೆಳೆ ಜಾಗದಲ್ಲಿಲ್ಲ. ಅತ್ತಿಗೆಯದೇ ಕೆಲಸ. ಊಟಕ್ಕೆ ಕೂತಾಗ ಕೇಳಿದಳು: “ಕಾತ್ಯಾಯಿನಿ, ಭಾನುವಾರ ಭಾನುವಾರ ಯಾರನ್ನ ನೋಡಕ್ಕೆ ಹೋಗ್ತೀಯ?”

“ಗಿಡಾನ.”

“ಮೂವತ್ತೆಂಟು ವರ್ಷ ಆಯ್ತು ನಿಂಗೆ. ಗಿಡ ಅಂತೆ.”

ನಂಬಲಿಲ್ಲ. ಇನ್ನು ಡೈರಿ ಪ್ರೆಸ್ ಮಾಡಿದ ಎಲೆಗಳ ಕಟ್ಟಿನ ಅಡಿಯಲ್ಲಿ.

15 ಜುಲೈ, ಭಾನುವಾರ

ಬಂಡೆಯ ಹಿಂದೆ ಕೊಡೆ ಮಡಚಿ ಎರಡು ಗಂಟೆ ಕೂತೆ. ದಾಟಿದವರು ಒಂಬತ್ತು ಜನ. ಎಂಟು ಜನ ಬರಿಗಾಲು. ಒಬ್ಬನಿಗೆ ಟೈರಿನ ಚಪ್ಪಲಿ. ಕೆಸರಿನಲ್ಲಿ ಅದರ ಅಚ್ಚು ಸ್ಪಷ್ಟವಾಗಿ ಬೀಳುತ್ತದೆ. ಕಾಡಿನಂಚಿನ ರಾಗಿ ಹೊಲದ ಯಜಮಾನ, ಚಿಕ್ಕಬೈರಪ್ಪ. ಅರವತ್ತರ ಮೇಲಿರಬೇಕು. ನೀರು ಕಂಡಲ್ಲೆಲ್ಲ ಸುತ್ತಿ ಬಳಸಿ ನಡೆಯುವ ಗಿರಾಕಿ. ನನ್ನನ್ನು ಕಂಡ. ನನ್ನ ಕೈಯ ಟೇಪನ್ನೇ ನೋಡಿದ.

ಹಿಂದೆಯೇ ಸೌದೆ ಹೊರೆ ಹೊತ್ತು ಮುನಿವೆಂಕಟಮ್ಮ ಬಂದಳು. ಆರು ತಿಂಗಳಿಂದ ಮುಖಪರಿಚಯ. “ಏನ್ ಬರ್ಕೊತೀರಿ ತಾಯಿ, ವಾರವಾರ?” ಎಂದಳು.

“ಗಿಡ ಎಣಿಸ್ತೀನಿ.”

“ಗಿಡ ಎಣ್ಸೋಕೆ ಸಂಬಳ ಕೊಡ್ತಾರಾ?”

ನಗುತ್ತ ಹೋದಳು. ಆ ನಗು ನನಗೇಕೋ ಸರಿಬರಲಿಲ್ಲ.

22 ಜುಲೈ, ಭಾನುವಾರ. ಸಂಜೆ

ಇವತ್ತು ಕೆಲಸ ಆಯಿತು! ಕಾಲೇಜಿನ ಪ್ಯೂನ್ ಕೊಟ್ರಪ್ಪನನ್ನು ಕರೆದುಕೊಂಡು ಹೋದೆ, ಒಂದು ಬಕೆಟ್ ಸುಣ್ಣ, ತೆಂಗಿನ ನಾರಿನ ಕುಂಚ. ದಾರಿಯ ಎರಡು ಬದಿಗೂ ತಲೆಗಾತ್ರದ ಕಲ್ಲು ಜೋಡಿಸಿ ಸುಣ್ಣ ಬಳಿದೆವು. ನಡುವೆ ಎರಡಡಿ. ಬಂಡೆಯ ತಿರುವಿನಲ್ಲಿ ಒತ್ತೊತ್ತಾಗಿ. ಒಟ್ಟು 164 ಕಲ್ಲು. ಕತ್ತಲಲ್ಲೂ ಕಾಣುವಂತಿದೆ. ಗೆರೆ ಎಲ್ಲಿದೆ ಎಂದು ತಿಳಿದರೆ ಜನ ಗೆರೆಯೊಳಗೆ ನಡೆಯುತ್ತಾರೆ, ಅಷ್ಟೇ ತಾನೆ? ಕಾಲೇಜಿನ ಹೂದೋಟದಲ್ಲಿ ಹೀಗೇ ಮಾಡಿದ ಮೇಲೆ ಹುಲ್ಲಿನ ಮೇಲೆ ಯಾರೂ ಕಾಲಿಟ್ಟಿಲ್ಲ.

ಚಿಕ್ಕಬೈರಪ್ಪ ತನ್ನ ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದ. ಕೊಟ್ರಪ್ಪ ಪಿಸುಗುಟ್ಟಿದ: “ಮೇಡಂ, ಆವಯ್ಯ ಕಲ್ ಎಣಿಸ್ತಾವ್ನೆ.” ನಿಜ. ತುಟಿ ಅಲ್ಲಾಡುತ್ತಿತ್ತು. ಮನೆ ಗೋಡೆಗೆ ಹೊತ್ತೊಯ್ಯುವ ಆಲೋಚನೆ ಇರಬೇಕು. ನಾನೂ ಎಣಿಸಿಟ್ಟಿದ್ದೇನೆ, ನೋಡೋಣ.

ನಾಳೆ ತಾಲ್ಲೂಕು ಆಫೀಸಿಗೆ ಅರ್ಜಿ. ಬರೆದಾಯಿತು. ವಿಷಯ: ಕಾಲುದಾರಿಯ ರಕ್ಷಣೆ. “ಪಾದಚಾರಿಗಳ ಓಡಾಟ ಹೆಚ್ಚಾಗಿ ದಾರಿ ಹಾಳಾಗುತ್ತಿದೆ, ತಕ್ಕ ಕ್ರಮ ಕೈಗೊಳ್ಳಬೇಕು.” ಜೊತೆಗೆ ನಕ್ಷೆ, ಇಂಚಿಗೆ ನಲವತ್ತು ಅಡಿ ಸ್ಕೇಲು, ಉತ್ತರದಿಕ್ಕಿನ ಬಾಣ. ಮೂರು ದಿನ ಕೂತು ಇಂಡಿಯನ್ ಇಂಕಿನಲ್ಲಿ ತೆಗೆದದ್ದು. ಡ್ರಾಸೆರಾದ ಹೆಸರು ಬೇಕೆಂದೇ ಬರೆಯಲಿಲ್ಲ. ಗುಮಾಸ್ತರಿಗೆಲ್ಲ ಆ ಜಾಗ ತಿಳಿಯುವುದು ಬೇಡ. ಮೀನಾಕ್ಷಮ್ಮನವರು ನಿನ್ನೆಯೇ ಸಹಿ ಹಾಕಿ “ಚೆನ್ನಾಗಿದೆಯಮ್ಮ ನಕ್ಷೆ” ಎಂದರು. ಆಫೀಸಿನವರು ಅದನ್ನು ಬಿಚ್ಚಿಯೂ ನೋಡುವುದಿಲ್ಲ, ನನಗೆ ಗೊತ್ತು. ಆದರೂ ಹಾಕಬೇಕು.

5 ಆಗಸ್ಟ್, ಭಾನುವಾರ

ನಂಬಲಾಗುತ್ತಿಲ್ಲ. ದಾರಿಯ ನಡುವೆ ಹುಲ್ಲು ಚಿಗುರಿದೆ! ಕಲ್ಲುಗಳ ಮಧ್ಯೆ ಒಂದು ಹೆಜ್ಜೆಯ ಗುರುತೂ ಇಲ್ಲ. 164ಕ್ಕೆ 164 ಕಲ್ಲು ಇವೆ. ಗಿಡ 208.

ಅಷ್ಟು ಬೇಗ ಮಾತು ಕೇಳಿದರೇ? ಬರುವಾಗ ಸಾರಕ್ಕಿಯಲ್ಲಿ ನಿಂತು ಅತ್ತಿಗೆಗೆ ಮಲ್ಲಿಗೆ ಕೊಂಡೆ. ಹೂ ನೋಡಿ ಅವಳಿಗೆ ಅನುಮಾನ ಇನ್ನೂ ಬಲವಾಯಿತು.

5ರಂದೇ, ಮಲಗುವ ಮುನ್ನ

ಒಂದು ಮಾತು ಕೊರೆಯುತ್ತಿದೆ. ಹುಲ್ಲು ಚಿಗುರಬೇಕಾದರೆ ಹದಿನೈದು ದಿನದಿಂದ ಯಾರೂ ನಡೆದಿಲ್ಲ. ಹಾಗಾದರೆ ಆ ಒಂಬತ್ತು ಜನ ರೋಡಿಗೆ ಎಲ್ಲಿಂದ ಹೋಗುತ್ತಿದ್ದಾರೆ?

12 ಆಗಸ್ಟ್, ಭಾನುವಾರ

ಎಲ್ಲಿಂದ ಎಂದು ಗೊತ್ತಾಯಿತು. ನನ್ನ ಗಿಡಗಳ ಮೇಲಿಂದ.

ತಿರುವಿಗೆ ಹತ್ತು ಗಜ ಮೊದಲೇ ಎಡಕ್ಕೆ ಹೊಸ ದಾರಿ. ಹೋದ ವಾರ ಇರಲಿಲ್ಲ, ಅಲ್ಲಿಯವರೆಗೆ ಹೊಲ ಸುತ್ತಿ ಹೋಗುತ್ತಿದ್ದಿರಬೇಕು. ಲಂಟಾನ ಮುರಿದು, ಪಾಚಿ ಕಿತ್ತು, ನೇರ ಗರಸು ನೆಲದ ನಡುವೆ. ಮೊಣಕಾಲೂರಿ ಎಣಿಸಿದೆ. 131. ಉಳಿದವು ಮಣ್ಣಿಗೆ ಒತ್ತಿಹೋಗಿವೆ, ಒಂದೊಂದು ಹಿಮ್ಮಡಿ ಗುಂಡಿಯಲ್ಲಿ ನಾಲ್ಕೈದು. ಅಲ್ಲೇ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ. ನೋಡಿದರೂ ಇರಬಹುದು.

ಟೈರಿನ ಚಪ್ಪಲಿಯ ಅಚ್ಚು ಬಿಳಿ ಕಲ್ಲಿನವರೆಗೆ ನೆಟ್ಟಗೆ ಬಂದಿದೆ. ಅಲ್ಲಿ ಎರಡೂ ಕಾಲು ಜೋಡಿಸಿ ನಿಂತಿದ್ದಾನೆ. ಆಮೇಲೆ ಎಡಕ್ಕೆ. ಅಂದರೆ ನೋಡದೆ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು! ಎರಡಡಿ ಅಗಲದ ಒಳ್ಳೆಯ ದಾರಿ ಬಿಟ್ಟು ಮುಳ್ಳಿನಲ್ಲಿ ನುಗ್ಗಬೇಕಾದರೆ ಹೊಟ್ಟೆಕಿಚ್ಚಲ್ಲದೆ ಇನ್ನೇನು?

19 ಆಗಸ್ಟ್, ಭಾನುವಾರ

ಕಲ್ಲು 97. ಒಂದಷ್ಟು ಪೊದೆಯೊಳಗೆ ಎಸೆದಿದ್ದಾರೆ. ಒಂದಷ್ಟು ಮಗುಚಿ ಹಾಕಿದ್ದಾರೆ, ಸುಣ್ಣ ಕೆಳಗಾಗಿ. ಇಪ್ಪತ್ತಕ್ಕೂ ಹೆಚ್ಚು ಕಲ್ಲಿನ ಮೇಲೆ ಸಗಣಿ ಬಳಿದಿದ್ದಾರೆ! ಕಳ್ಳರಾದರೆ ಒಯ್ಯಬೇಕಿತ್ತು. ಒಯ್ದಿಲ್ಲ. ಇದೇನು ಹಗೆ?

ಯಾರು? ಚಿಕ್ಕಬೈರಪ್ಪ — ಮೊದಲನೆಯವನು. ಮುನಿವೆಂಕಟಮ್ಮ — ಸಗಣಿ ಅವಳ ಕೈಯದಿರಬೇಕು, ಬೆರಳ ಗುರುತು ಸಣ್ಣದು. ಕೊಟ್ರಪ್ಪ — ಅವನ ನೆಂಟರು ಈ ಕಡೆಯ ಹಳ್ಳಿಯಲ್ಲಿದ್ದಾರಂತೆ, ಇಷ್ಟು ದಿನ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ? ನಾಳೆ ಕೇಳಬೇಕು.

20 ಆಗಸ್ಟ್

ಕೊಟ್ರಪ್ಪನನ್ನು ಕೇಳಿದೆ. “ನೀವು ಕೇಳ್ಲಿಲ್ಲ ಮೇಡಂ, ನಾನು ಹೇಳ್ಲಿಲ್ಲ” ಎಂದ. ಮಧ್ಯಾಹ್ನ ಸ್ಟಾಫ್ ರೂಮಿಗೆ ಕಾಫಿಯೂ ಬರಲಿಲ್ಲ.

16 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ 1-30

ನಾಲ್ಕು ವಾರ ಡೈರಿ ಮುಟ್ಟಿಲ್ಲ. ಹಬ್ಬ, ನೆಂಟರು, ಜ್ವರ. ಇವತ್ತು ಹೋದೆ. ಎಲ್ಲವನ್ನೂ ಬಿಡದೆ ಬರೆಯಬೇಕು.

ಗಿಡ 96. ಎಣಿಸಿ ತಲೆಯೆತ್ತಿದರೆ ಮುನಿವೆಂಕಟಮ್ಮ ಎದುರಿಗೇ. ಸೌದೆ ಇಳಿಸಿ ನಿಂತಿದ್ದಾಳೆ. ತಾಳ್ಮೆ ತಪ್ಪಿತು. “ಯಾಕಮ್ಮ ಇಲ್ಲೇ ತುಳೀತೀರಿ? ನಾನು ಕಲ್ಲಿಟ್ಟು ದಾರಿ ಮಾಡಿಕೊಟ್ಟಿಲ್ವಾ?” ಎಂದು ಕೂಗಿದೆ.

ಅವಳು ಹೆದರಲಿಲ್ಲ. “ಅದ್ಕೇ ಕಣ್ ತಾಯಿ. ಕಲ್ಲಿಟ್ರಿ ಅಂತಾನೆ.”

“ಅಂದ್ರೆ?”

“ಬಿಳೀ ಕಲ್ ಬಂದ್ರೆ ಏನ್ ಬರ್ತದೆ ಅಂತ ನಮ್ಗೊತ್ತಿಲ್ವಾ? ಮೊದ್ಲು ಟೇಪು. ಆಮೇಕೆ ಬಿಳೀ ಕಲ್ಲು. ಆಮೇಕೆ ನೋಟೀಸು. ಆ ದಾರೀಲಿ ಕಾಲಿಟ್ರೆ ಜನ ಒಪ್ಕೊಂಡವ್ರೆ ಅಂತ ಬರ್ಕೊಂಡೋಯ್ತಾರಂತೆ. ಯಾರೂ ಕಾಲಿಡಂಗಿಲ್ಲ ಅಂತ ಹಳ್ಳೀಲಿ ಮಾತಾಯ್ತು. ಚಿಕ್ಕಬೈರಣ್ಣನೇ ಹೇಳಿದ್ದು. ನೀವು ಲೇಔಟ್ ಆಫೀಸಿನೋರು ಅಲ್ವಾ?”

ನಾನು! ಲೇಔಟ್ ಆಫೀಸು! ನಗು ಬಂತು. ನಕ್ಕೂಬಿಟ್ಟೆ. ಕಾಲೇಜಿನಲ್ಲಿ ಪಾಠ ಮಾಡುವವಳು, ಗಿಡದ ಪಾಠ ಎಂದೆ. ಬಾಮ್ಮ ಎಂದು ಕೂರಿಸಿ ಲೆನ್ಸು ಕೈಗಿಟ್ಟೆ. ಬಗ್ಗಿ ನೋಡಿದಳು. ಎಲೆಯೊಂದು ಸೊಳ್ಳೆಯನ್ನು ಅಂಟಿಸಿಕೊಂಡು ಮಡಚುತ್ತಿತ್ತು. “ಅಯ್ ಇವ್ನ! ಇಷ್ಟುದ್ದ ಇದ್ಕೊಂಡು!” ಎಂದು ಬಾಯಿಗೆ ಸೆರಗು ಹಿಡಿದಳು. ತುಂಬ ಹೊತ್ತು ನೋಡಿದಳು.

ಆಮೇಲೆ ಲೆನ್ಸು ಕೊಡುತ್ತ ಕೇಳಿದಳು: “ನಿಮ್ ಮನೆ ಎಲ್ಲಿ ತಾಯಿ?”

“ಜಯನಗರ, ಮೂರನೇ ಬ್ಲಾಕು.”

“ಅಲ್ಲೇ ನಮ್ಮಪ್ಪನ ರಾಗಿ ಹೊಲ. ಬಾವಿ ತಾವ ಒಂದ್ ಹೊಂಗೆಮರ ಇತ್ತು, ಎರಡು ಕೊಂಬೆ ಕೂಡ್ಕೊಂಡು. ಕಡ್ದಾಕವ್ರೋ, ಐತೋ?”

ಇದೆ. ನಮ್ಮ ಬಸ್ ಸ್ಟಾಪಿನ ಮರ. ಅದರ ಕೆಳಗೆ ನಿಂತು ನಾನು ದಿನಾ ಬಸ್ಸು ಕಾಯುತ್ತೇನೆ. ಕೂಡಿಕೊಂಡ ಕೊಂಬೆ ತೋರಿಸಲು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೇನೆ. “ಇದೆ” ಎಂದೆ. “ಇರ್ಲಿ ಬುಡಿ” ಎಂದು ಹೊರೆಗೆ ಬಗ್ಗಿದಳು. ಎತ್ತಿ ತಲೆಗಿಡಲು ಕೈ ಹಾಕಿದೆ. ಬೇಡವೆನ್ನಲಿಲ್ಲ.

ನಾಚಿಕೆಯಾಗುತ್ತಿದೆ. ಎರಡು ತಿಂಗಳು ಬಂಡೆಯ ಹಿಂದೆ ಕೂತು ನಾನು ಅವರನ್ನು ಕಾಯುತ್ತಿದ್ದೆ. ಬದುವಿನ ಮೇಲೆ ಕೂತು ಅವರು ನನ್ನನ್ನು ಕಾಯುತ್ತಿದ್ದರು.

30 ಸೆಪ್ಟೆಂಬರ್, ಭಾನುವಾರ

ಚಿಕ್ಕಬೈರಪ್ಪನವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಎಂಟು ಹತ್ತು ಜನ. ಮಜ್ಜಿಗೆ ಕೊಟ್ಟರು, ಕುಡಿದೆ. ಆಮೇಲೆ ಚಿಕ್ಕಬೈರಪ್ಪನವರೇ ಶುರುಮಾಡಿದರು: “ದಾರಿ ಉಳೀಬೇಕು ಅಂದ್ರೆ ಬೇಡದ ದಾರಿಗೆ ಮುಳ್ ಹಾಕ್ಬೇಕು ಕಣಮ್ಮ. ಬೇಕಾದ್ ದಾರಿಗೆ ಕಲ್ ನೆಡೋದಲ್ಲ. ಜಾಲಿ ಕೊಂಬೆ ಎರಡು ಎಳುದ್ರೆ ಯಾವನ್ ಹೋಯ್ತಾನೆ? ಇನ್ನು ನೀರ್ ನಿಲ್ಲೋ ಕಡೆ ಹಾಸುಗಲ್ಲು. ಕಾಲ್ ನೆನೀದಿದ್ರೆ ಯಾಕ್ ಸುತ್ತಾಕ್ತೀವಿ?”

ಬಾಟನಿ ಓದಿದವಳಿಗೆ ಇಷ್ಟು ಹೊಳೆಯಲಿಲ್ಲ.

ಆದರೆ ಒಂದು ಕರಾರು. ನಾನು ಆಫೀಸಿನವಳಲ್ಲ ಎಂದು ಬರೆದುಕೊಡಬೇಕು. “ಬಾಯ್ ಮಾತು ಎಲ್ರೂ ಆಡ್ತಾರೆ. ಮುನಿವೆಂಕಟಮ್ಮನ ಅಪ್ಪಂಗೂ ಬಾಯ್ ಮಾತೇ ಆಡಿದ್ದು” ಎಂದರು. ಬರೆದೆ: “ಈ ಕಲ್ಲುಗಳನ್ನು ಗಿಡ ಉಳಿಸಲು ನಾನೇ ಇಟ್ಟದ್ದು. ಇದಕ್ಕೂ ಸರ್ಕಾರಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ರಸ್ತೆ ಬರುವುದಿಲ್ಲ.” ಸಹಿ, ಡಿಗ್ರಿ, ಕಾಲೇಜಿನ ಹೆಸರು. ಗಟ್ಟಿಯಾಗಿ ಓದಿ ಹೇಳಿದೆ. ಅವರು ಮಡಚಿ ದೇವರ ಗೂಡಿನಲ್ಲಿಟ್ಟರು.

ಬರೆಯುವಾಗ ಅರ್ಜಿಯ ನೆನಪಾಯಿತು. ಹೌದು, ಆಯಿತು. ಎರಡು ತಿಂಗಳಾದರೂ ಉತ್ತರವಿಲ್ಲ. ಎಲ್ಲೋ ಧೂಳು ತಿನ್ನುತ್ತಿರುತ್ತದೆ. ಅದನ್ನು ಎತ್ತಿದರೆ ಮತ್ತೆ ಅನುಮಾನ ಬರುತ್ತದೆ, ಈಗ ತಾನೇ ತಿಳಿಯಾಗಿದೆ ಎಂದುಕೊಂಡೆ. ಬರೆಯಲಿಲ್ಲ.

ಯಾಕೆ ಇಷ್ಟು ಒಳ್ಳೆಯ ಮಾತಾಡಿದರು? ಒಳಗೇನಾದರೂ ಲೆಕ್ಕಾಚಾರ ಇದೆಯೆ? ಥೂ, ನನ್ನ ಬುದ್ಧಿಯೇ. ಬಿಡಬೇಕು ಇದನ್ನು.

14 ಅಕ್ಟೋಬರ್, ಭಾನುವಾರ

ಜಾಲಿ ಎಳೆದಾಯಿತು. ನನ್ನ ಬಿಳಿ ಕಲ್ಲುಗಳನ್ನೇ, ಅಗಲವಾದವನ್ನು ಆರಿಸಿ, ಸುಣ್ಣ ಕೆಳಗೆ ಮಾಡಿ, ನೀರು ನಿಲ್ಲುವ ಕಡೆ ಹಾಸಿದ್ದಾರೆ. ಹೆಜ್ಜೆಗೊಂದು ಕಲ್ಲು. ಮುನಿವೆಂಕಟಮ್ಮನ ಹೆಜ್ಜೆಯ ಅಳತೆಗೆ — ನನಗೆ ಸ್ವಲ್ಪ ದೂರವಾಗುತ್ತದೆ, ಹಾರಬೇಕು. ಕೊಟ್ರಪ್ಪನೂ ಬಂದಿದ್ದ, ತಾನಾಗಿಯೇ. ಕಾಫಿ ಮತ್ತೆ ಬರುತ್ತಿದೆ.

ತಿರುವಿನಲ್ಲಿ 26 ಇಂಚು. ಗಿಡ 95. ಮೊಗ್ಗು.

4 ನವೆಂಬರ್, ಭಾನುವಾರ

ಯುದ್ಧದ ಸುದ್ದಿಯೇ ಎಲ್ಲೆಲ್ಲೂ. ಕಾಲೇಜಿನಲ್ಲಿ ಗಡಿಯ ಜವಾನರಿಗೆಂದು ಸ್ವೆಟರ್ ಹೆಣೆಯುತ್ತಿದ್ದಾರೆ. ಹುಡುಗಿಯರ ಎಕ್ಸ್‌ಕರ್ಷನ್ ರದ್ದು. ಒಳ್ಳೆಯದೇ ಆಯಿತು, ಮೂವತ್ತು ಜೊತೆ ಕಾಲು ಕಡಿಮೆ.

93 ಗಿಡದಲ್ಲೂ ಹೂ. ಬಿಳಿ, ಸಾಸಿವೆಯಷ್ಟು. ಚಿಕ್ಕಬೈರಪ್ಪನವರು ಯಾರೋ ನೆಂಟರಿಗೆ ತೋರಿಸುತ್ತಿದ್ದರು, ದೂರದಿಂದಲೇ. “ಮುಂದಕ್ ಹೋಗ್ಬೇಡ. ನಮ್ ಮೇಡಮ್ಮೋರ್ ಗಿಡ” ಎಂದರು. ಎಷ್ಟು ವರ್ಷವಾಯಿತು ಯಾರಾದರೂ ನನ್ನದು ಎಂದು ಏನನ್ನಾದರೂ ತೋರಿಸಿ! ದಾರಿಯುದ್ದಕ್ಕೂ ಸಂತೋಷವಾಗಿತ್ತು.

25 ನವೆಂಬರ್, ಭಾನುವಾರ

ಬೀಜ ಉದುರಿದೆ. ಗರಸಿನ ಮೇಲೆ ಕರಿಪುಡಿ. ಇನ್ನು ಹೆದರಿಕೆಯಿಲ್ಲ. ಮುಂದಿನ ಮಳೆಯವರೆಗೆ ಅದು ನೆಲದ ಕೆಲಸ. ತಿರುವಿನಲ್ಲಿ 21 ಇಂಚು.

ಕೂದಲೆಳೆ ಇಡುವುದನ್ನು ಬಿಟ್ಟೆ. ಅತ್ತಿಗೆ ಓದಿದರೆ ಓದಲಿ.

5 ಡಿಸೆಂಬರ್, ಬುಧವಾರ. ಸ್ಟಾಫ್ ರೂಮ್, 3-40

ಆಫೀಸಿನಿಂದ ಉತ್ತರ ಬಂದಿದೆ. ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ, ಬೇರೆ ಅರ್ಥ ಏನಾದರೂ ಹೊರಡುತ್ತದೇನೋ —

“ತಮ್ಮ 23-7-62ರ ಅರ್ಜಿಯನ್ನು ಪರಿಶೀಲಿಸಲಾಯಿತು. ಪಾದಚಾರಿಗಳ ಓಡಾಟ ಹೆಚ್ಚಿ ದಾರಿ ಹಾಳಾಗಿರುವುದರಿಂದ, ಸದರಿ ದಾರಿಯನ್ನು ಬನ್ನೇರುಘಟ್ಟ ರೋಡಿಗೆ ಕೂಡುವಂತೆ ಮೂವತ್ತು ಅಡಿ ಅಗಲದ ಜಲ್ಲಿ ರಸ್ತೆಯಾಗಿ ಮಾಡಲು ಒಪ್ಪಿಗೆ ನೀಡಲಾಗಿದೆ. ಅಕ್ಕಪಕ್ಕದ ಜಮೀನನ್ನು ಅಗತ್ಯವಿರುವಷ್ಟು ವಶಕ್ಕೆ ಪಡೆಯಲಾಗುವುದು. ತಾವು ಒದಗಿಸಿದ ಅಚ್ಚುಕಟ್ಟಾದ ನಕ್ಷೆಗಾಗಿ ವಂದನೆಗಳು.”

ಬೇರೆ ಅರ್ಥ ಹೊರಡಲಿಲ್ಲ.

ಮೂವತ್ತು ಅಡಿ. ದಾರಿಯ ನಡುವಿನಿಂದ ಹದಿನೈದು ಆ ಕಡೆ, ಹದಿನೈದು ಈ ಕಡೆ. ಬಲಕ್ಕೆ ಬಂಡೆ. ಬಂಡೆ ಒಡೆಯುವುದಿಲ್ಲ, ಎಡಕ್ಕೇ ಸರಿಸುತ್ತಾರೆ. ಬೀಜ ಬಿದ್ದ ನೆಲ ಪೂರ್ತಿ ಹೋಗುತ್ತದೆ. ಆಚೆ ಚಿಕ್ಕಬೈರಪ್ಪನವರ ಹೊಲದ ಅಂಚು.

ಮೀನಾಕ್ಷಮ್ಮನವರು ಓದಿ “ರಸ್ತೆ ಕೇಳಿದ್ರೇನಮ್ಮ ನೀವು?” ಎಂದರು. ಅರ್ಜಿಯ ಪ್ರತಿ ತೆಗೆದು ನೋಡಿದೆ. ಕಾಡು ಎಂಬ ಮಾತೇ ಅದರಲ್ಲಿಲ್ಲ. ಗಿಡದ ಹೆಸರೂ ಇಲ್ಲ. ಎಲ್ಲಿ ಯಾರಿಗೆ ತಿಳಿದುಬಿಡುತ್ತದೋ ಎಂದು ನಾನೇ ಬಿಟ್ಟದ್ದು. ದಾರಿ ಹಾಳಾಗಿದೆ, ಕ್ರಮ ಕೈಗೊಳ್ಳಿ. ಕೈಗೊಂಡಿದ್ದಾರೆ.

6 ಡಿಸೆಂಬರ್

ಆಫೀಸಿಗೆ ಹೋಗಿದ್ದೆ. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. “ಆರ್ಡರ್ ಆದ್ಮೇಲೆ ವಾಪಸ್ ಇಲ್ಲ ಮೇಡಂ. ಬೇಕಾದ್ರೆ ಹಳ್ಳಿಯೋರು ಆಕ್ಷೇಪಣೆ ಹಾಕ್ಲಿ. ತಿಂಗಳೊಳಗೆ, ಎಲ್ಲರ ಸಹಿ ಸಮೇತ.” ಗುಮಾಸ್ತರ ಮೇಜಿನ ಗಾಜಿನ ಕೆಳಗೆ ನನ್ನ ನಕ್ಷೆ. ಎಲ್ಲರಿಗೂ ತೋರಿಸುತ್ತಿದ್ದಾರಂತೆ.

ಹಳ್ಳಿಯವರು ಸಹಿ ಹಾಕಬೇಕಾದರೆ ಹಳ್ಳಿಯವರಿಗೆ ಹೇಳಬೇಕು. ಅರ್ಜಿ ಯಾರದು ಎಂದು ಅವರು ಕೇಳುತ್ತಾರೆ.

9 ಡಿಸೆಂಬರ್, ಭಾನುವಾರ. ಬೆಳಿಗ್ಗೆ 9-15. ಬಂಡೆಯ ಮೇಲೆ

ನೆಲ ಒಣಗಿದೆ. ಗಿಡಗಳು ಕಂದಿವೆ, ಅದು ಸಹಜ. ಬೀಜವನ್ನು ಲಕೋಟೆಗೆ ತುಂಬಿಕೊಳ್ಳಬಹುದು. ಬಂಡೆಯ ಒಸರು ಲಕೋಟೆಯಲ್ಲಿ ಬರುವುದಿಲ್ಲ.

ಚಿಕ್ಕಬೈರಪ್ಪನವರು ಈಗ ಬಂದಿದ್ದರು. ಚಪ್ಪಲಿಯ ಸದ್ದಿಗೇ ಗೊತ್ತಾಯಿತು. ಶುಕ್ರವಾರ ಇಬ್ಬರು ಟೇಪು ಹಿಡಿದು ಬಂದಿದ್ದರಂತೆ. ಹಳ್ಳಿಯಲ್ಲಿ ಮತ್ತೆ ಗುಸುಗುಸು. “ನಾನ್ ನಿಮ್ ಪರ ನಿಂತ್ಕೊಂಡೆ ಕಣಮ್ಮ. ಆವಮ್ಮ ಬರ್ಕೊಟ್ಟವ್ಳೆ, ರಸ್ತೆ ಬರಲ್ಲ ಅಂತ ಬರ್ಕೊಟ್ಟವ್ಳೆ ಅಂದೆ. ಕೇಳೋರೇ ಇಲ್ಲ. ಎಲ್ರೂನೂ ಕರ್ಕೊಂಡ್ ಬತ್ತೀನಿ. ನೀವೇ ಇನ್ನೊಂದ್ಸಲಿ ಓದ್ಬುಡಿ. ನೀವ್ ಓದುದ್ರೆ ನಂಬ್ತಾರೆ.” ದೇವರ ಗೂಡಿನಿಂದ ತಂದ ಕಾಗದವನ್ನು ನನ್ನ ಕೈಗೆ ಕೊಟ್ಟರು. ಮಡಿಕೆಯಲ್ಲಿ ಕುಂಕುಮ ಮೆತ್ತಿಕೊಂಡಿದೆ. ಹೇಳಬೇಕೆಂದು ಬಾಯಿ ತೆರೆದೆ. ಆಗಲೇ ಹೊರಟಿದ್ದರು.

ಚೀಲದಲ್ಲಿ ಆಫೀಸಿನ ಕಾಗದ. ಅದರ ಜೊತೆ ಆಕ್ಷೇಪಣೆಯ ಅರ್ಜಿ, ರಾತ್ರಿ ಬರೆದದ್ದು. ಈ ಸಲ ಗಿಡದ ಹೆಸರು, ಕಾಡು, ಹೊಲ, ಎಲ್ಲ ಬಿಡದೆ ಇದೆ. ಕೆಳಗೆ ಇಪ್ಪತ್ತು ಹೆಬ್ಬೆಟ್ಟಿಗೆ ಜಾಗ.

ಬರುತ್ತಿದ್ದಾರೆ. ಮುನಿವೆಂಕಟಮ್ಮ ಮುಂದೆ. ಹಾಸುಗಲ್ಲಿನ ಮೇಲೆ, ಒಬ್ಬರ ಹಿಂದೆ ಒಬ್ಬರು, ಯಾರೂ ಪಕ್ಕಕ್ಕೆ ಕಾಲಿಡದೆ. ನನ್ನನ್ನು ಕಂಡು ಕೈಯೆತ್ತಿದಳು.

ಮೊದಲು ಆಫೀಸಿನದನ್ನೇ ಓದುತ್ತೇನೆ. ಅದು ನನ್ನ ಅರ್ಜಿಗೆ ಬಂದ ಉತ್ತರ ಎಂಬುದನ್ನೂ ನಾನೇ ಹೇಳುತ್ತೇನೆ.